ನಗುಮುಖದ ತರಬೇತಿ ಸಾಲದು

ರೋಗಿಯ ಕಡೆಯವರು ಕೂಗಾಡಿದಾಗ ಆಸ್ಪತ್ರೆ ಮ್ಯಾನೇಜರ್ "ನಮ್ಮ ರೂಲ್ಸೇ ಹೀಗೆ" ಅಂದರೆ ಅಲ್ಲಿಗೆ ಕೆಲಸ ಕೆಟ್ಟಿತು. ಮೊದಲು ಕೌಂಟರ್ ಮುಂದಿನಿಂದ ಒಳಗೆ ಕರೆದು ಕೂರಿಸಬೇಕು. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ, ಅವರ ಮಾತಲ್ಲೇ ಬರೆದುಕೊಂಡು ಓದಿ ಹೇಳಬೇಕು. ಯಾರು, ಯಾವತ್ತಿನೊಳಗೆ ಉತ್ತರ ಕೊಡ್ತಾರೆ ಅಂತ ಹೆಸರು, ಫೋನ್ ನಂಬರ್ ಸಮೇತ ತಿಳಿಸಬೇಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2009ರ ನಿಯಮದ ಪ್ರಕಾರ ದೂರು ತಲುಪಿದೆ ಅನ್ನೋದನ್ನು 3 ಕೆಲಸದ ದಿನಗಳೊಳಗೆ ತಿಳಿಸಲೇಬೇಕು.

ಬಹಳ ಸಲ ಸಿಟ್ಟು ಕಾದಿದ್ದಕ್ಕಲ್ಲ, ಇನ್ನೆಷ್ಟು ಹೊತ್ತು ಅಂತ ಯಾರೂ ಹೇಳದೇ ಇದ್ದದ್ದಕ್ಕೆ. ಡಿಸ್ಚಾರ್ಜ್ ದಿನ ನೋಡಿ. ಡಾಕ್ಟರು ಬೆಳಿಗ್ಗೆಯೇ "ಹೊರಡಬಹುದು" ಅಂದಿರ್ತಾರೆ. ಆದರೆ ಚಿಕಿತ್ಸೆಯ ವಿವರ ಬರೆದು ಕೊಡೋ ಡಿಸ್ಚಾರ್ಜ್ ಸಮರಿ ಟೈಪ್ ಆಗಿಲ್ಲ, ವಾಪಸ್ ಕೊಟ್ಟ ಔಷಧಿಯ ಲೆಕ್ಕ ಫಾರ್ಮಸಿಯಿಂದ ಬಂದಿಲ್ಲ, ಇನ್ಶೂರೆನ್ಸ್ ಒಪ್ಪಿಗೆ ಬಾಕಿ. ಬೈಗುಳ ಮಾತ್ರ ವಾರ್ಡಿನ ನರ್ಸ್‌ಗೆ. ಮ್ಯಾನೇಜರ್ ಸಾಹೇಬ್ರು ಆಕೆಗೇ ನಗುಮುಖದ ತರಬೇತಿ ಕೊಡಿಸ್ತಾರೆ! ಹಿಂದಿನ ಸಂಜೆಯೇ ಸಮರಿಯ ಕರಡು, ಅಲ್ಲಿವರೆಗಿನ ಬಿಲ್ ತಯಾರಿಟ್ಟರೆ ಗಲಾಟೆ ಎಷ್ಟೋ ಕಡಿಮೆ.

ಚಿಕಿತ್ಸೆಯಲ್ಲೇ ತಪ್ಪಾಗಿದೆ ಅನ್ನೋ ದೂರಿನ ದಾರಿಯೇ ಬೇರೆ. ಬಿಲ್‌ನಲ್ಲಿ ರಿಯಾಯಿತಿ ಕೊಟ್ಟು ಬಾಯಿ ಮುಚ್ಚಿಸೋಕೆ ಹೋಗಬಾರದು. ಕೇಸ್ ಶೀಟನ್ನು, ಅಂದರೆ ಚಿಕಿತ್ಸೆಯ ದಾಖಲೆಯನ್ನು, ಅಂದೇ ಭದ್ರವಾಗಿ ತೆಗೆದಿಟ್ಟು, ಆ ಚಿಕಿತ್ಸೆಯಲ್ಲಿ ಇಲ್ಲದ ವೈದ್ಯರಿಂದ ಪರಿಶೀಲನೆ ಮಾಡಿಸಿ, ಗೊತ್ತಾದದ್ದನ್ನು ಮನೆಯವರ ಎದುರು ಕೂತು ಹೇಳಬೇಕು.