ಸೀರೆ ಅಂಚು ಕಟ್ಟಿದ ವೈರುಗಳು

ನಮ್ಮ ರಸಮಂಜರಿ ತಂಡದಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿಯುವ ನವೆಂಬರ್ ಕೊನೆಯ ತನಕ ನಮಗೆ ಸೀಸನ್. ಹಾಸನದಿಂದ ಟಾಟಾ ಏಸ್‌ನಲ್ಲಿ ಸಾಮಾನು ಹೊರಡುತ್ತದೆ. ಇವತ್ತು ಅರಸೀಕೆರೆ ಕಡೆ, ನಾಳೆ ಸಕಲೇಶಪುರ ಕಡೆ. ನುಡಿಸುವುದು ಮೂರು ಗಂಟೆ. ಹೇರುವುದು, ಇಳಿಸುವುದು, ಕಟ್ಟುವುದು, ಬಿಚ್ಚುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

2016ರಲ್ಲಿ ಒಂದು ಊರಿನ ಗಣಪತಿ ಬಿಡುವ ದಿನ ಹೋಗಿದ್ದೆವು. ಎರಡನೇ ಹಾಡಿನ ನಡುವೆ ಕೀಬೋರ್ಡ್ ಸದ್ದು ನಿಂತುಹೋಯಿತು. ಹಾಡುತ್ತಿದ್ದ ಹುಡುಗಿ ಬರೀ ರಿದಂ ಪ್ಯಾಡ್ ನಂಬಿಕೊಂಡು ಚರಣ ಮುಗಿಸಿದಳು. ಕೀಬೋರ್ಡ್‌ಗೆ ಏನೂ ಆಗಿರಲಿಲ್ಲ. ಹೋಗಿದ್ದು ವೈರು. ಜ್ಯಾಕಿನಿಂದ ಎರಡು ಬೆರಳು ಈಚೆಗೆ ಒಳಗಿನ ತಂತಿ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ನಾನು ವೈರುಗಳನ್ನು ಸುತ್ತುತ್ತಿದ್ದೆ. ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ, ಬಟ್ಟೆ ಒಣಹಾಕುವ ಹಗ್ಗ ಸುತ್ತುತ್ತೇವಲ್ಲ, ಹಾಗೆ. ಸೌಂಡ್ ಸಿಸ್ಟಂ ತಂದಿದ್ದ ಹಿರಿಯರು ನೋಡಿದರು. "ಮೊಣಕೈಗೆ ಸುತ್ತಬೇಡ ಕಣವ್ವ. ಹಗ್ಗ ಅಂದ್ಕೊಂಡ್ಯಾ ಇದನ್ನ?" ಅಂದರು. ಅಲ್ಲೇ ಪಕ್ಕದಲ್ಲಿ ಕೂತು, ಅವರದೇ ಒಂದು ವೈರು ಹಿಡಿದು ತೋರಿಸಿದರು.

ಒಂದು ಸುತ್ತು ಮಾಮೂಲಿಯಾಗಿ ಕೈಮೇಲೆ ಬರಬೇಕು. ಮುಂದಿನ ಸುತ್ತಿಗೆ ಮಣಿಕಟ್ಟು ಒಳಕ್ಕೆ ತಿರುಗಿಸಿ, ವೈರಿನ ತುದಿ ಸುತ್ತಿನ ಒಳಗಡೆ ಹೋಗುವ ಹಾಗೆ ಹಾಕಬೇಕು. ಮತ್ತೆ ಮಾಮೂಲಿ, ಮತ್ತೆ ಒಳಗೆ. ಸುಮ್ನೆ ಒಂದೇ ಕಡೆಗೆ ಸುತ್ತುತ್ತಾ ಹೋದರೆ ಪ್ರತಿ ಸುತ್ತಿಗೂ ವೈರು ಒಂದು ಸಲ ತಿರುಚಿಕೊಳ್ಳುತ್ತದೆ. ಹತ್ತು ಸುತ್ತಿಗೆ ಹತ್ತು ತಿರುಚು. ಹೀಗೆ ಬದಲಿಸಿ ಸುತ್ತಿದರೆ ಒಂದರ ತಿರುಚನ್ನು ಇನ್ನೊಂದು ಬಿಡಿಸುತ್ತದೆ. ತುದಿ ಹಿಡಿದು ಎಸೆದರೆ ವೈರು ಗಂಟಿಲ್ಲದೆ ನೆಲದ ಮೇಲೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಎಸೆತ ನೋಡಿ ನನಗೆ ಮೈ ಜುಮ್ ಅಂದಿತು. ಕೈಗೆ ಅಭ್ಯಾಸವಾಗಲು ವಾರ ಹಿಡಿಯಿತು. ಆವತ್ತು ಅವರು ತೋರಿಸಿದ ಮೇಲೆ ಕೊಂಡ ಮೂರು ವೈರು ಇವತ್ತಿಗೂ ಸ್ಟೇಜ್ ಮೇಲಿವೆ.

ಸುತ್ತಿದ್ದನ್ನು ಕಟ್ಟುವುದಕ್ಕೆ ಮೊದಲು ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಗಾಡಿಯ ಬಿಸಿಗೆ ಅದು ಕರಗಿ ವೈರಿಗೆ ಅಂಟುತ್ತಿತ್ತು. ಈಗ ಅಮ್ಮನ ಹಳೇ ಹತ್ತಿ ಸೀರೆಗಳ ಅಂಚು ಹರಿದು ಇಟ್ಟುಕೊಂಡಿದ್ದೇನೆ. ಹಸಿರು ಅಂಚು ಕಟ್ಟಿದ್ದು ಮೂರು ಮೀಟರ್, ಕೆಂಪು ಅಂಚಿನದು ಆರು ಮೀಟರ್. ಕತ್ತಲಲ್ಲಿ ಟಾರ್ಚ್ ಹಾಕಿದರೂ ಥಟ್ಟನೆ ಗೊತ್ತಾಗುತ್ತದೆ.

ಅಡಾಪ್ಟರ್ ವಿಷಯ ಇನ್ನೂ ಮುಖ್ಯ. ನನ್ನ ಯಮಹಾ ಕೀಬೋರ್ಡ್‌ನದು 12 ವೋಲ್ಟ್, ಪಿನ್ನಿನ ನಡುವಿನದು ಪ್ಲಸ್. ನಮ್ಮ ರೋಲ್ಯಾಂಡ್ ಪ್ಯಾಡ್‌ನದು 9 ವೋಲ್ಟ್, ನಡುವಿನದು ಮೈನಸ್. ಎರಡೂ ಕಪ್ಪು ಡಬ್ಬಿ. ಗಡಿಬಿಡಿಯಲ್ಲಿ ಅದಲು ಬದಲಾದರೆ ಒಳಗಿನ ಬೋರ್ಡೇ ಹೋಗಬಹುದು. ಅದಕ್ಕೇ ಒಂದಕ್ಕೆ ಕೆಂಪು ಟೇಪು, ಕೀಬೋರ್ಡಿನ ತೂತಿನ ಪಕ್ಕದಲ್ಲೂ ಕೆಂಪು ಟೇಪು. ಹಾಗೇ, ಅಡಾಪ್ಟರ್ ಪಿನ್ ಚುಚ್ಚಿರುವಾಗಲೇ ಕೀಬೋರ್ಡನ್ನು ಚೀಲಕ್ಕೆ ತುಂಬಲು ಯಾರಿಗೂ ಬಿಡುವುದಿಲ್ಲ. ಒಮ್ಮೆ ಸಹಾಯಕ್ಕೆ ಬಂದ ಹುಡುಗ ಹಾಗೆ ತುಂಬಿದ್ದ. ದಾರಿಯ ಕುಲುಕಾಟಕ್ಕೆ ಸಾಕೆಟ್ ಬೋರ್ಡಿನಿಂದಲೇ ಕಿತ್ತು ಬಂದಿತ್ತು.

ಪೆಟ್ಟಿಗೆ ಮಾಡಿಸಿದ್ದು ಅದಾದ ಮೇಲೆ. 9 ಮಿಲಿಮೀಟರ್ ಪ್ಲೈವುಡ್, ಮೂಲೆಗಳಿಗೆ ಅಲ್ಯೂಮಿನಿಯಂ, ಒಳಗೆ ಒಂದಿಂಚು ಗಟ್ಟಿ ಫೋಮ್. ಹಾಸಿಗೆಯ ಮೆತ್ತನೆ ಸ್ಪಂಜು ಒಂದೇ ಸೀಸನ್‌ಗೆ ಚಪ್ಪಟೆಯಾಗುತ್ತದೆ, ಬೇಡ. ಫೋಮ್ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿಯಬೇಕು. ಮುಚ್ಚಳದ ಫೋಮ್ ಮಾತ್ರ ಕೀಗಳನ್ನೂ ನಾಬ್‌ಗಳನ್ನೂ ಒತ್ತಬಾರದು. ಸುಮಾರು 7 ಕೆಜಿ ಕೀಬೋರ್ಡಿಗೆ ಅದಕ್ಕಿಂತ ಭಾರದ ಪೆಟ್ಟಿಗೆ ಆಯಿತು, ಇಬ್ಬರು ಎತ್ತಬೇಕು. ಎತ್ತುತ್ತೇವೆ. ಗಾಡಿಯಲ್ಲಿ ಸ್ಪೀಕರ್‌ಗಳು ಮೊದಲು, ಕ್ಯಾಬಿನ್‌ಗೆ ಒತ್ತಿ. ಕೀಬೋರ್ಡ್ ಕೊನೆಗೆ. ಅದರ ಮೇಲೆ ಟಾರ್ಪಾಲು ಬಿಟ್ಟು ಬೇರೇನೂ ಇಡುವ ಹಾಗಿಲ್ಲ.

ಸ್ಟೇಜ್ ಮೇಲೆ ಹೋದ ಕೂಡಲೇ ಮಲ್ಟಿಮೀಟರ್ ತೆಗೆಯುತ್ತೇನೆ. 230 ವೋಲ್ಟ್ ಆಸುಪಾಸು ಇದೆಯಾ ನೋಡದೆ ಪ್ಲಗ್ ಹಾಕುವುದಿಲ್ಲ. ಜನರೇಟರ್ ಇದ್ದರಂತೂ ಲೈಟಿಂಗ್ ಪೂರ್ತಿ ಹಾಕಿಸಿ ಇನ್ನೊಂದು ಸಲ ನೋಡುತ್ತೇನೆ. ಸಂಘಟಕರು ಕಾಯುತ್ತಾರೆ, ಕಾಯಲಿ. ವೈರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಹಾಕಿಯೇ ಜ್ಯಾಕ್ ಚುಚ್ಚುವುದು. ಹಾರ ಹಾಕಲು ಬಂದವರ ಕಾಲಿಗೆ ಸಿಕ್ಕರೂ ಎಳೆತ ಸ್ಟ್ಯಾಂಡಿಗೆ ಬೀಳುತ್ತದೆ, ಜ್ಯಾಕಿಗಲ್ಲ.

ಹೊರಡುವಾಗ ಎಣಿಕೆ. ಒಟ್ಟು ಹನ್ನೊಂದು ವೈರು. ಹೋದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಹತ್ತೇ ಸಿಕ್ಕವು. ಎಲ್ಲರಿಗೂ ನಿದ್ದೆ ಎಳೆಯುತ್ತಿತ್ತು. ಆದರೂ ಶಾಮಿಯಾನ ಬಿಚ್ಚುವವರ ಜೊತೆ ಸೇರಿ ಹುಡುಕಿದೆವು. ಜಮಖಾನದ ಮಡಿಕೆಯಲ್ಲಿ ಹಸಿರು ಅಂಚು ಕಾಣಿಸಿತು.

ಈ ಸಲ ಹಬ್ಬದೊಳಗೆ ಪ್ಯಾಡಿಗೂ ಒಂದು ಪೆಟ್ಟಿಗೆ ಆಗಬೇಕು. ಬಡಗಿಗೆ ಅಳತೆ ಕೊಟ್ಟು ಬಂದಿದ್ದೇನೆ.