ಹಾಸನದ ಲಾಡ್ಜ್ ಮ್ಯಾನೇಜರಿಗೆ ಮ್ಯೂನಿಕ್‌ನಲ್ಲೊಂದು ರೂಮು

ನಮ್ಮಪ್ಪ ಹಾಸನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನಲ್ಲಿ ಇಪ್ಪತ್ತಾರು ವರ್ಷದಿಂದ ಮ್ಯಾನೇಜರು. ಹದಿನೆಂಟು ರೂಮು, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬಿಸಿನೀರು, ಟಿವಿ ರಿಮೋಟು ಬೇಕಿದ್ದರೆ ಡಿಪಾಸಿಟ್ಟು. ವರ್ಷದ ಹನ್ನೊಂದೂವರೆ ತಿಂಗಳು ಅಲ್ಲಿಗೆ ಬರುವವರು ಮೆಡಿಕಲ್ ರೆಪ್‌ಗಳು, ಕೋರ್ಟ್ ಕೇಸಿನವರು, ಬೇಲೂರು ಹಳೇಬೀಡು ನೋಡಲು ಹೊರಟವರು. ಉಳಿದ ಹದಿನೈದು ದಿನ ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಅಮ್ಮನವರ ಬಾಗಿಲು ತೆಗೆದರೆ, ಬಲಿಪಾಡ್ಯಮಿ ದಾಟಿ ಮುಚ್ಚುವವರೆಗೆ ಊರಲ್ಲಿ ರೂಮು ಅನ್ನೋದು ಬಂಗಾರ. ಏಳುನೂರರ ರೂಮು ಎರಡೂವರೆ ಸಾವಿರಕ್ಕೆ ಹೋಗುತ್ತದೆ, ಅದೂ ಯಾರದ್ದಾದರೂ ಶಿಫಾರಸು ಇದ್ದರೆ. ನಾನು ಪಿಯುಸಿ ಓದಿದ್ದು ಆ ಕೌಂಟರಿನ ಹಿಂದೆ ಕೂತು. ಸೀಸನ್ ರೇಟು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ.

ಈಗ ಐದು ವರ್ಷದಿಂದ ಜರ್ಮನಿಯ ಬ್ರೆಮೆನ್‌ನಲ್ಲಿದ್ದೇನೆ. 2025ರಲ್ಲಿ ಅಪ್ಪ ಅಮ್ಮ ಮೊದಲ ಸಲ ಬಂದರು. ದಿನಾಂಕ ಗೊತ್ತು ಮಾಡಿದ್ದು ಅಪ್ಪನೇ: "ಈ ಸಲ ಬಾಗಿಲು ತೆಗೆಯೋದು ಅಕ್ಟೋಬರ್ ಒಂಬತ್ತು. ಅಷ್ಟರೊಳಗೆ ನಾನು ಕೌಂಟರಲ್ಲಿರಬೇಕು." ಹಾಗಾಗಿ ಸೆಪ್ಟೆಂಬರ್ 25, ಗುರುವಾರ, ಮ್ಯೂನಿಕ್‌ನಲ್ಲಿ ಇಳಿಯೋದು, ನಾಲ್ಕು ರಾತ್ರಿ ಅಲ್ಲೇ ಇದ್ದು ಹಿಮದ ಬೆಟ್ಟ ನೋಡಿಕೊಂಡು ಆಮೇಲೆ ಬ್ರೆಮೆನ್‌ಗೆ ಬರೋದು. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ವಾರ ಬೀಗಿದೆ.

ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ಹೆಸರಲ್ಲಿ ಮಾತ್ರ ಅಕ್ಟೋಬರ್. 1810ರಲ್ಲಿ ಅಲ್ಲಿನ ಯುವರಾಜನ ಮದುವೆಯ ನೆಪದಲ್ಲಿ ಶುರುವಾದ ಜಾತ್ರೆ. ಅಕ್ಟೋಬರ್‌ನಲ್ಲಿ ಚಳಿ ಜಾಸ್ತಿ ಅಂತ ಆಮೇಲೆ ಹಿಂದಕ್ಕೆ ಜಗ್ಗಿದರು. 2025ರಲ್ಲಿ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 5. ಅರವತ್ತು ಲಕ್ಷಕ್ಕೂ ಮೇಲೆ ಜನ. ನಮ್ಮ ನಾಲ್ಕು ರಾತ್ರಿ ಬಿದ್ದದ್ದು ಸರಿಯಾಗಿ ನಡುವಿನ ವಾರಾಂತ್ಯಕ್ಕೆ. ಇಟಲಿಯವರು ಗಾಡಿ ಕಟ್ಟಿಕೊಂಡು ಬೆಟ್ಟ ದಾಟಿ ಬರುತ್ತಾರೆ ಅಂತ ಅದಕ್ಕೆ ಇಟಾಲಿಯನ್ ವೀಕೆಂಡ್ ಅಂತಲೇ ಹೆಸರು. ಹದಿನಾರು ದಿನದಲ್ಲಿ ಇನ್ನೂ ಕೆಟ್ಟ ನಾಲ್ಕು ದಿನ ಹುಡುಕಿದರೂ ಸಿಗುತ್ತಿರಲಿಲ್ಲ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ಆಪ್ ತೆರೆದು ಕೂತೆ. ಬೇರೆ ದಿನಗಳಲ್ಲಿ ನೂರು ಯೂರೋ ಹೇಳುವ ರೂಮು ಮುನ್ನೂರೈವತ್ತು. ಒಂದು ಯೂರೋ ಅಂದರೆ ನೂರು ರೂಪಾಯಿ ಚಿಲ್ಲರೆ, ನೀವೇ ಲೆಕ್ಕ ಹಾಕಿ. ಹಾಸ್ಟೆಲ್ ನೋಡಿದೆ. ಎಂಟು ಜನ ಒಟ್ಟಿಗೆ ಮಲಗುವ ರೂಮಿನ ಒಂದು ಮಂಚಕ್ಕೇ ಮಾಮೂಲಿ ದಿನದ ಇಡೀ ರೂಮಿನ ದುಡ್ಡು, ಮೇಲಿಂದ ಅಮ್ಮನಿಗೆ ಮಂಡಿ ನೋವು, ಮೇಲಿನ ಮಂಚಕ್ಕೆ ಏಣಿ ಹತ್ತಿಸೋದು ಹೇಗೆ? ಸರಿ, ಊರ ಹೊರಗೆ ಹೋಗೋಣ ಅಂತ ಲೋಕಲ್ ರೈಲಿನ ಗೆರೆ ಹಿಡಿದು ಡಹಾವ್, ಫ್ರೈಸಿಂಗ್ ಅಂತ ಒಂದೊಂದೇ ಸ್ಟೇಷನ್ ನೋಡಿದೆ. ಈ ಉಪಾಯ ಹೊಳೆದಿದ್ದು ನನಗೊಬ್ಬನಿಗೇ ಅಲ್ಲ ಅಂತ ರೇಟು ನೋಡಿದಾಗ ಗೊತ್ತಾಯಿತು.

ನಡುವೆ ಒಂದು ಪವಾಡ ನಡೆಯಿತು. ಪೂರ್ವದ ಸ್ಟೇಷನ್ ಕಡೆ ಒಂದು ಹೋಟೆಲು, ದಿನಕ್ಕೆ 112 ಯೂರೋ. ಕಣ್ಣುಜ್ಜಿಕೊಂಡು ಬುಕ್ ಮಾಡಿದೆ, ಕನ್ಫರ್ಮೇಷನ್ ಬಂತು. ಮೂರು ವಾರ ಬಿಟ್ಟು ಒಂದು ಮೇಲ್: ತಾಂತ್ರಿಕ ದೋಷದಿಂದ ತಪ್ಪು ದರ ತೋರಿಸಿತ್ತು, ವಿಷಾದಿಸುತ್ತೇವೆ, ಬುಕಿಂಗ್ ರದ್ದು. ಅದೇ ಸಂಜೆ ಅದೇ ರೂಮು, ಅದೇ ನೀಲಿ ಪರದೆಯ ಫೋಟೋ, 389ಕ್ಕೆ ಕಂಡಿತು.

ಅಪ್ಪನಿಗೆ ಫೋನ್ ಹಚ್ಚಿ ಕೂಗಾಡಿದೆ. ಕಳ್ಳರು, ದರೋಡೆಕೋರರು, ಕೇಸು ಹಾಕ್ತೀನಿ. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ.

"ನಾನೂ ಒಂದ್ಸಲ ಮಾಡಿದೀನಿ ಕಣೋ," ಅಂದರು.

ಅರಸೀಕೆರೆ ಕಡೆಯ ಒಬ್ಬರು ಮೇಷ್ಟ್ರು, ಜೊತೆಗೆ ವಯಸ್ಸಾದ ತಾಯಿ. ಹಾಸನಾಂಬೆ ದರ್ಶನಕ್ಕೆ ಅಂತ ತಿಂಗಳ ಮೊದಲೇ ಬಂದು ಮುನ್ನೂರು ಅಡ್ವಾನ್ಸ್ ಕೊಟ್ಟು ಹೋಗಿದ್ದರಂತೆ. ಅವತ್ತು ಮಧ್ಯಾಹ್ನ ಬೆಂಗಳೂರಿನ ಕಾರಿನವರು ಮೂರು ಸಾವಿರ ಮುಂದಿಟ್ಟರು. ಓನರು ಕಣ್ಸನ್ನೆ ಮಾಡಿದರು. "ಮೇಲಿನ ಟ್ಯಾಂಕ್ ಒಡೆದಿದೆ, ರೂಮಿಗೆ ನೀರಿಲ್ಲ ಅಂದೆ. ಮುನ್ನೂರು ವಾಪಸ್ ಕೊಟ್ಟೆ. ಆ ಯಪ್ಪ ಏನೂ ಅನ್ನಲಿಲ್ಲ, ನೀರಿಲ್ಲದಿದ್ರೂ ಪರವಾಗಿಲ್ಲ ಸಾರ್, ಒಂದು ಬಕೆಟ್ ಕೊಟ್ರೆ ಸಾಕು ಅಂದ." ಅಲ್ಲಿಗೆ ನಿಲ್ಲಿಸಿದರು. ಬಕೆಟ್ ಕೊಟ್ಟರೋ ಇಲ್ಲವೋ ಅಂತ ನಾನು ಕೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮ್ಯಾನೇಜರ್ ದನಿ ವಾಪಸ್ ಬಂತು. "ಆಪ್ ಮುಚ್ಚಿಡು. ಫೋನ್ ಮಾಡು. ದೊಡ್ಡ ಹೋಟೆಲಿಗಲ್ಲ, ಓನರೇ ಫೋನ್ ಎತ್ತೋ ಜಾಗಕ್ಕೆ. ಯಾವ ಲಾಡ್ಜೂ ಪೂರ್ತಿ ಫುಲ್ ಆಗಿರಲ್ಲ. ಎರಡು ರೂಮು ಇಟ್ಕೊಂಡೇ ಫುಲ್ ಅಂತಾರೆ. ಅದೂ ಅಲ್ದೆ ಆಪಿನವನಿಗೆ ನೂರಕ್ಕೆ ಹದಿನೈದು ಕಮಿಷನ್ ಕಟ್ಟೋ ಬದಲು ನಿನಗೇ ಕೊಡೋದು ವಾಸಿ ಅನ್ಸುತ್ತೆ ಅವರಿಗೂ."

ಮ್ಯೂನಿಕ್ ಬಿಟ್ಟು ಔಗ್ಸ್‌ಬರ್ಗ್ ದಾರಿ ಹಿಡಿದೆ. ಪ್ಯಾಸೆಂಜರ್ ರೈಲಲ್ಲಿ ಮುಕ್ಕಾಲು ಗಂಟೆ, ಅಂದರೆ ಹಾಸನದಿಂದ ಅರಸೀಕೆರೆಗೆ ಹೋದಷ್ಟೇ. ದಾರಿಯುದ್ದಕ್ಕೂ ಗಾಸ್ಟ್‌ಹೋಫ್ ಅಂತ ಇರುತ್ತವೆ. ಕೆಳಗೆ ಊಟದ ಹೋಟೆಲು, ಮೇಲೆ ಏಳೆಂಟು ರೂಮು, ಮನೆಯವರೇ ನಡೆಸೋದು. ಒಂಬತ್ತು ಕಡೆ ಇಲ್ಲ ಅನ್ನಿಸಿಕೊಂಡೆ. ಹತ್ತನೆಯದು ಔಗ್ಸ್‌ಬರ್ಗಿಗೆ ಸ್ವಲ್ಪ ಮೊದಲು ಸಿಗುವ ಒಂದು ಹಳ್ಳಿ. ಫೋನ್ ಎತ್ತಿದ ಹೆಂಗಸಿನ ಬವೇರಿಯನ್ ಉಚ್ಚಾರ ನನಗೆ ಅರ್ಧ ಅರ್ಥವಾಯಿತು, ನನ್ನ ಜರ್ಮನ್ ಆಕೆಗೆ ಇನ್ನೂ ಕಮ್ಮಿ. ರೂಮಿಲ್ಲ ಅಂದರು. ಇಡುವ ಮೊದಲು ಇಷ್ಟು ಸೇರಿಸಿದರು: ದುಡ್ಡು ಹಿಡಿಯದೆ ಕ್ಯಾನ್ಸಲ್ ಮಾಡಲು ಹದಿನಾಲ್ಕು ದಿನ ಮುಂಚೆ ಗಡುವು, ಆ ಹೊತ್ತಿಗೆ ಯಾರಾದರೂ ಬಿಟ್ಟೇ ಬಿಡುತ್ತಾರೆ, 12ನೇ ತಾರೀಕು ಶುಕ್ರವಾರ ಸಂಜೆ ಆರಕ್ಕೆ ಮಾಡಿ.

ಇಲ್ಲಿ ಓದುತ್ತಿರುವ, ಮುಂದೆ ಈ ಕಡೆ ಬರುವ ಹುಡುಗರಿಗೆ ಒಂದು ಮಾತು. ಬೇಡ ಅಂದರೆ ದುಡ್ಡು ವಾಪಸ್ ಬರುವ ರೂಮನ್ನು ಒಬ್ಬೊಬ್ಬರೂ ಮೂರ್ನಾಲ್ಕು ಕಡೆ ಹಿಡಿದಿಟ್ಟುಕೊಂಡಿರುತ್ತಾರೆ. ಗಡುವಿನ ಹಿಂದೆಮುಂದೆ ಅವೆಲ್ಲ ಒಟ್ಟಿಗೆ ಉದುರುತ್ತವೆ. ಆ ದಿನ ಕಾಯಬೇಕು. ಆದರೆ ಕೈಯಲ್ಲಿ ಏನೂ ಇಲ್ಲದೆ ಕಾಯುವ ಧೈರ್ಯ ಮಾಡಬೇಡಿ. ನಾನೂ ದೂರದ ಲ್ಯಾಂಡ್ಸ್‌ಹುಟ್‌ನಲ್ಲಿ ಒಂದು ದುಬಾರಿ ರೂಮು ಹಿಡಿದಿಟ್ಟುಕೊಂಡೇ ಕಾದೆ. ಹಬ್ಬ ಒಂದೇ ಅಲ್ಲ, ಇಲ್ಲಿ ಮೆಸ್ಸೆ ಅಂತ ದೊಡ್ಡ ವ್ಯಾಪಾರ ಮೇಳಗಳಿರುತ್ತವೆ. ಅಕ್ಟೋಬರ್‌ನಲ್ಲಿ ಪುಸ್ತಕ ಮೇಳದ ವಾರ ಫ್ರಾಂಕ್‌ಫರ್ಟ್‌ನಲ್ಲೂ ಇದೇ ಪಾಡು. ಟಿಕೆಟ್ ಕೊಳ್ಳುವ ಮೊದಲು ಆ ಊರಿನ ಮೇಳದ ಪಟ್ಟಿ ನೋಡಿ. ನಾನು ನೋಡಲಿಲ್ಲ.

ಶುಕ್ರವಾರ ಆರಕ್ಕೆ ಒಂದು ನಿಮಿಷ ಇರುವಾಗಲೇ ಮಾಡಿದೆ. ಮೂರು ಮಂಚದ ರೂಮು, ಬೆಳಗಿನ ತಿಂಡಿ ಸೇರಿ 124 ಯೂರೋ. ಅಡ್ವಾನ್ಸ್ ಕಳಿಸಲಾ ಅಂದರೆ ಬೇಡ ಅಂದರು. ಹೆಸರು ಮಾತ್ರ ಅಕ್ಷರ ಅಕ್ಷರವಾಗಿ ಎರಡು ಸಲ ಹೇಳಿಸಿಕೊಂಡರು.

ವಿಮಾನ ಇಳಿದದ್ದು ಬೆಳಿಗ್ಗೆ. ಎರಡು ರೈಲು ಬದಲಿಸಿ ಹನ್ನೊಂದಕ್ಕೆ ಹಳ್ಳಿ ತಲುಪಿದರೆ ಚೆಕ್ಇನ್ ಮೂರಕ್ಕೆ. ಅಪ್ಪನಿಗೆ ಇದು ಕೊನೆವರೆಗೂ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಇಪ್ಪತ್ತನಾಲ್ಕು ಗಂಟೆ ಲೆಕ್ಕ, ರಾತ್ರಿ ಎರಡಕ್ಕೆ ಬಂದವನು ಮಾರನೇ ರಾತ್ರಿ ಎರಡರವರೆಗೆ ರಾಜ. "ಮೂರಕ್ಕೆ ಬಂದು ಹನ್ನೊಂದಕ್ಕೆ ಹೋಗೋದಾದ್ರೆ ದಿನಕ್ಕೆ ನಾಲ್ಕು ಗಂಟೆ ಬಾಡಿಗೆ ಯಾರಪ್ಪನದು?" ಅಂತ ಕನ್ನಡದಲ್ಲಿ ಆಕೆಯನ್ನೇ ಕೇಳಿದರು. ಆಕೆ ನಕ್ಕು ಕಾಫಿ ಕೊಟ್ಟರು. ಅಮ್ಮ ಬೆಂಚಿನ ಮೇಲೆ ಶಾಲು ಹೊದ್ದು ಮಲಗಿದಳು. ಆಮೇಲೆ ಆಕೆ ಒಂದು ಫಾರಂ ಕೊಟ್ಟರು, ವಿದೇಶಿಯರು ತುಂಬಲೇಬೇಕಾದದ್ದು. ಅಪ್ಪನ ಮುಖ ಅರಳಿತು. "ಸಿ ಫಾರಂ! ಬೇಲೂರಿಗೆ ಬಂದ ಫಾರಿನರ್‌ಗಳಿಗೆ ನಾನು ತುಂಬ್ತಿದ್ದೆ, ಈಗ ನಂಗೇ ತುಂಬಿಸ್ತಾ ಇದಾರೆ."

ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರ್ ಬಿಚ್ಚಿತ್ತು. ಅಪ್ಪ ಅದರ ಮೇಲೆ ಬಗ್ಗಿ ನಿಂತುಬಿಟ್ಟರು, ನಾನು ಅಂಗಿ ಹಿಡಿದು ಎಳೆದರೂ ಬರಲಿಲ್ಲ. ಮುಂದಿನ ತಿಂಗಳ ಹೆಸರೆಲ್ಲ ಪೆನ್ಸಿಲಿನಲ್ಲಿತ್ತು. ಅಲ್ಲಲ್ಲಿ ಅಳಿಸಿ ಅಳಿಸಿ ಹಾಳೆ ತೆಳುವಾಗಿತ್ತು. ಈ ವಾರದ್ದು ಮಾತ್ರ ಪೆನ್ಸಿಲಿನ ಮೇಲೆ ನೀಲಿ ಪೆನ್ನಿನಲ್ಲಿ ತಿದ್ದಿತ್ತು, ನಮ್ಮ ಹೆಸರೂ, ಎರಡು ಸ್ಪೆಲಿಂಗ್ ತಪ್ಪಿನೊಂದಿಗೆ. ಗಡುವು ದಾಟಿದ ಮೇಲೆ ಪೆನ್ನು, ಪೆನ್ನು ಬಿದ್ದ ಮೇಲೆ ಅಳಿಸುವಂತಿಲ್ಲ, ಅದು ನನ್ನ ಅಮ್ಮನ ಕಾಲದಿಂದ ನಡೆದುಬಂದದ್ದು ಅಂದರು ಆಕೆ. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಹೂಂ ಅಂದರು, ಅಷ್ಟೇ.

ಹಿಮದ ಬೆಟ್ಟ ಮೋಡದಲ್ಲಿ ಮುಚ್ಚಿಹೋಗಿತ್ತು. ಜಾತ್ರೆಗೂ ಒಂದು ಮಧ್ಯಾಹ್ನ ಹೋಗಿ ಬಂದೆವು. ಒಳಗೆ ಹೋಗಲು ದುಡ್ಡಿಲ್ಲ. ಆದರೆ ಒಂದು ಲೀಟರ್ ಬಿಯರಿಗೆ ಹದಿನೈದು ಯೂರೋ ಹತ್ತಿರ, ಅಪ್ಪ ರೇಟು ನೋಡಿ ನೀರು ಕುಡಿದರು. ಅಪ್ಪನಿಗೆ ನಿಜವಾಗಿ ಹಿಡಿಸಿದ್ದು ಔಗ್ಸ್‌ಬರ್ಗಿನ ಫುಗ್ಗರೈ. ಯಾಕೊಬ್ ಫುಗ್ಗರ್ ಅನ್ನುವ ಸಾಹುಕಾರ ಊರಿನ ಬಡವರಿಗಾಗಿ 1521ರಲ್ಲಿ ಕಟ್ಟಿಸಿದ ಕೇರಿ, ಇವತ್ತಿಗೂ ಜನ ಇದ್ದಾರೆ. ಬಾಡಿಗೆ ವರ್ಷಕ್ಕೆ 88 ಸೆಂಟ್, ಜೊತೆಗೆ ಸಾಹುಕಾರನ ಹೆಸರಲ್ಲಿ ದಿನಕ್ಕೆ ಮೂರು ಪ್ರಾರ್ಥನೆ. ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಾರೆ, ತಡವಾಗಿ ಬಂದರೆ ಕಾವಲಿನವನಿಗೆ ಚಿಲ್ಲರೆ ಕೊಡಬೇಕು. "ನಾಲ್ಕು ದಿನಕ್ಕೆ ನೀನು ಕೊಟ್ಟ ದುಡ್ಡಲ್ಲಿ ಇಲ್ಲಿ ಐನೂರು ವರ್ಷ ಇರಬಹುದಿತ್ತು," ಅಂತ ಲೆಕ್ಕ ಹಾಕಿ ಹೇಳಿದರು. ಸರಿಸುಮಾರು ಸರಿಯೇ ಇತ್ತು. ನೋಡಲು ಹೋದ ನಮ್ಮ ಟಿಕೆಟ್ಟಿಗೇ ಅಲ್ಲಿನ ಹಲವು ವರ್ಷದ ಬಾಡಿಗೆ ಆಗಿತ್ತು, ಅದನ್ನು ನಾನು ಹೇಳಲಿಲ್ಲ.

ಅಕ್ಟೋಬರ್ 9ಕ್ಕೆ ಮೊದಲೇ ಊರು ಸೇರಿದರು. ಬಾಗಿಲು ತೆಗೆದ ಎರಡನೇ ದಿನ ವಿಡಿಯೋ ಕಾಲ್ ಮಾಡಿದೆ. ಕೌಂಟರ್ ಮುಂದೆ ಸಂತೆ. ಲ್ಯಾಂಡ್‌ಲೈನ್ ಬಡಿದುಕೊಳ್ಳುತ್ತಿತ್ತು. ಅಪ್ಪ ಮೊಬೈಲನ್ನು ರಿಜಿಸ್ಟರಿಗೆ ಒರಗಿಸಿ ರಿಸೀವರ್ ಎತ್ತಿದರು.

"ಈಗ ಇಲ್ಲ ಸ್ವಾಮಿ. ಇಲ್ಲ ಅಂದ್ರೆ ಇಲ್ಲ... ಎಷ್ಟು ಜನ? ವಯಸ್ಸಾದೋರಾ? ಬುಧವಾರ ಸಂಜೆ ಆರಕ್ಕೆ ಮಾಡಿ. ಅಡ್ವಾನ್ಸ್ ಏನೂ ಬೇಡ. ಹೆಸರು ಹೇಳಿ. ಇನ್ನೊಂದ್ಸಲ, ನಿಧಾನಕ್ಕೆ."

ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದವರು, ಒಂದು ಕ್ಷಣ ಅದನ್ನು ನೋಡಿ ಕೆಳಗಿಟ್ಟು, ಜೇಬಿನ ಪೆನ್ನಿಗೆ ತಡಕಾಡುತ್ತಿದ್ದರು. ಅಷ್ಟರಲ್ಲಿ ಯಾರದ್ದೋ ಬ್ಯಾಗು ತಗುಲಿ ಮೊಬೈಲು ಮಗುಚಿ ಬಿತ್ತು.