ಫಾಲ್ಸ್ ನೋಡಲು ಹೋಗಿ ಹಳ್ಳ ನೋಡಿ ಬಂದೆವು

ಮೊದಲೇ ಹೇಳಿಬಿಡುತ್ತೇನೆ. ಕ್ಯಾನ್ಸಸ್ ರಾಜ್ಯದ ಕಾಟನ್‌ವುಡ್ ಫಾಲ್ಸ್ ಎಂಬ ಊರಿನಲ್ಲಿ ಹೇಳಿಕೊಳ್ಳುವಂಥ ಜಲಪಾತ ಇಲ್ಲ. ಹೆಸರು ನಂಬಿ ಕ್ಯಾನ್ಸಸ್ ಸಿಟಿಯಿಂದ ಎರಡು ಗಂಟೆ ಕಾರು ಓಡಿಸಿದವನು ನಾನು. ಅಲ್ಲಿರುವುದು ನದಿಗೆ ಅಡ್ಡ ಕಟ್ಟಿದ ಹಳೆಯ ಒಡ್ಡು, ಅದರ ಮೇಲಿಂದ ಇಳಿಯುವ ರಾಡಿ ನೀರು. ಮಗಳು "ಇಷ್ಟೇನಾ ಅಪ್ಪ?" ಎಂದಳು. ಹೆಂಡತಿ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಹಿಂದಿನ ರಾತ್ರಿಯೇ ಸಿಟ್ಟು ಬಂದಿತ್ತು ಬಿಡಿ. ದಾರಿಯಲ್ಲಿ ಎಂಪೋರಿಯಾ ಎಂಬ ಊರಿನಲ್ಲಿ ತಂಗಿದ್ದೆವು. ಮೇ ಕೊನೆ, ಜೂನ್ ಶುರುವಿನಲ್ಲಿ ಅಲ್ಲಿ ಜಲ್ಲಿ ರಸ್ತೆಯ ದೊಡ್ಡ ಸೈಕಲ್ ರೇಸ್ ನಡೆಯುತ್ತದೆ. ನಮಗೆ ಗೊತ್ತಿರಲಿಲ್ಲ. ಹೆದ್ದಾರಿ ಪಕ್ಕದ ಮೋಟೆಲ್ ಒಂದರಲ್ಲಿ 260 ಡಾಲರ್ ಕಿತ್ತುಕೊಂಡರು. ಮೂವರಿಗೆ ಎರಡೇ ಟವೆಲ್, ಏಸಿಯಿಂದ ರಾತ್ರಿಯೆಲ್ಲ ತೊಟ್ಟಿಕ್ಕುವ ನೀರು. ರೇಸ್ ಯಾವಾಗ ಅಂತ ನೋಡಿಕೊಂಡು ಹೋಗಿ.

ಸುಮ್ನೆ ವಾಪಸ್ ಹೋಗುವುದು ಬೇಡ ಅಂತ ಪಕ್ಕದ ಊರು ಸ್ಟ್ರಾಂಗ್ ಸಿಟಿಯ ಉತ್ತರಕ್ಕೆ, 177ನೇ ರಸ್ತೆಯಲ್ಲಿರುವ ಟಾಲ್‌ಗ್ರಾಸ್ ಪ್ರೇರಿ ಎಂಬ ಎತ್ತರದ ಹುಲ್ಲುಗಾವಲಿನ ಸಂರಕ್ಷಿತ ಪ್ರದೇಶಕ್ಕೆ ಹೋದೆವು. 1996ರಲ್ಲಿ ಆದದ್ದು, ಪ್ರವೇಶ ಉಚಿತ. ಬಂದವರೆಲ್ಲ ಕಾಡೆಮ್ಮೆಯಂಥ ಬೈಸನ್ ಹುಡುಕಿಕೊಂಡು ಗುಡ್ಡ ಹತ್ತುತ್ತಾರೆ. ನನಗೆ ಗದ್ದಲ ಆಗಲ್ಲ. ನಾವು ಕೆಳಗೆ ಫಾಕ್ಸ್ ಕ್ರೀಕ್ ಎಂಬ ಹಳ್ಳದ ಪಕ್ಕದ ಬಾಟಮ್‌ಲ್ಯಾಂಡ್ ದಾರಿ ಹಿಡಿದೆವು. ಒಂದು ನರಪಿಳ್ಳೆ ಇರಲಿಲ್ಲ.

ನಾನು ನವಲಗುಂದದ ಕಡೆಯವನು. ಹಳ್ಳ ಅಂದ್ರೆ ನನಗೆ ಬೆಣ್ಣೆಹಳ್ಳ: ಕರಿಮಣ್ಣು, ಬಯಲು, ಮಳೆ ಬಂದರೆ ರಂಪ. ಇಲ್ಲೂ ತಗ್ಗಿನಲ್ಲಿ ಕರಿಮಣ್ಣು, ಒಂದು ಕಾಲದಲ್ಲಿ ಉತ್ತ ನೆಲ. ದಡದಲ್ಲಿ ದೊಡ್ಡ ಮರಗಳು, ನೆರಳು. ಆಮೇಲೆ ಕಾರು ತೆಗೆದುಕೊಂಡು ಹಳೆಯ ಕಲ್ಲಿನ ಮನೆ ಹತ್ತಿರದಿಂದ ಸೌತ್‌ವಿಂಡ್ ದಾರಿಯಲ್ಲಿ ಮೇಲಕ್ಕೆ ನಡೆಯಿರಿ. ಅದು 1.75 ಮೈಲಿ, ಮಕ್ಕಳೂ ನಡೆಯುತ್ತಾರೆ. ಈ ಕ್ರಮದಲ್ಲೇ ಹೋಗಿ, ಆಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಏರಿದಂತೆ ಮರ ಕಡಿಮೆಯಾಗಿ ಪೊದೆ, ಪೊದೆ ಹೋಗಿ ಬರೀ ಹುಲ್ಲು.

ಗುಡ್ಡದ ಮೈಯಲ್ಲಿ ಒಂದು ಕಡೆ ಹುಲ್ಲು ಜಾಸ್ತಿ ಹಸಿರಾಗಿತ್ತು. ಕಾಲಿಟ್ಟರೆ ಶೂ ಪಚ್ ಎಂದಿತು. ಇಲ್ಲಿ ಸುಣ್ಣಕಲ್ಲು, ಜೇಡಿಕಲ್ಲು ಒಂದರ ಮೇಲೊಂದು ಪದರವಾಗಿವೆ. ಮಳೆನೀರು ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿಯುತ್ತದೆ. ಜೇಡಿ ಅದನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಪಕ್ಕದಿಂದ ಒರತೆಯಾಗಿ ಹೊರಡುತ್ತದೆ. ಇಂಥ ಒರತೆಗಳೂ ಹಳ್ಳಕ್ಕೆ ನೀರು ಕೂಡಿಸುತ್ತವೆ. ಸುಣ್ಣಕಲ್ಲಿನ ನಡುವೆ ಚಕಮಕಿ ಕಲ್ಲೂ ಇದೆ. ಈ ಕಲ್ಲಿನಿಂದಾಗಿ ಗುಡ್ಡದಲ್ಲಿ ನೇಗಿಲು ಇಳಿಯಲಿಲ್ಲ, ಅದಕ್ಕೇ ಹುಲ್ಲುಗಾವಲು ಉಳಿಯಿತು. ಈ ನೀರು ಕಾಟನ್‌ವುಡ್ ನದಿ ಸೇರಿ, ನಿಯೋಶೊ, ಅರ್ಕಾನ್ಸಾ ನದಿಗಳ ಮೂಲಕ ಕೊನೆಗೆ ಮಿಸಿಸಿಪ್ಪಿಗೆ ಹೋಗುತ್ತದೆ.

ಮೇಲಿನ ಕವಲುಗಳಲ್ಲಿ ಟೊಪೀಕಾ ಶೈನರ್ ಎಂಬ ಬೆರಳುದ್ದದ ಮೀನಿದೆಯಂತೆ. 1998ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಒಂದು ಮಡುವಿನ ಹತ್ತಿರ ಕಾಲು ಗಂಟೆ ಕೂತೆವು. ಕಂಡದ್ದು ಕ್ರೇಫಿಶ್ ಎಂಬ ಸಿಗಡಿಯಂಥ ಜೀವಿ ಮಾತ್ರ.

ಉದ್ದ ಸಾಕ್ಸ್ ಹಾಕಿ, ಪ್ಯಾಂಟಿನ ತುದಿ ಅದರೊಳಗೆ ಸಿಕ್ಕಿಸಿ. ಉಣ್ಣಿ ಕಣ್ಣಿಗೆ ಕಾಣುತ್ತದೆ, ಚಿಗರ್ ಎಂಬ ಹುಳ ಕಾಣುವುದೂ ಇಲ್ಲ. ನನ್ನ ಹಿಮ್ಮಡಿ ಮೇಲೆ ಹದಿನೇಳು ಗುಳ್ಳೆ, ಹತ್ತು ದಿನ ಕೆರೆತ. ನೀರು ಎರಡು ಬಾಟಲಿ ಬೇಕೇಬೇಕು, ಮೇಲೆ ನೆರಳಿಲ್ಲ.

ಇನ್ನು ಊಟ. ಎಂಪೋರಿಯಾದಲ್ಲಿ ಮೆಕ್ಸಿಕನ್ ಕುಟುಂಬಗಳು ಬಹಳ. ಅಂಥದ್ದೊಂದು ಪುಟ್ಟ ಅಂಗಡಿ, ನಾಲ್ಕೇ ಮೇಜು. ಅಜ್ಜಿಯೊಬ್ಬರು ಮೆಕ್ಕೆಜೋಳದ ಹಿಟ್ಟನ್ನು ಅಂಗೈಯಲ್ಲಿ ಪಟಪಟ ತಟ್ಟುತ್ತಿದ್ದರು. ನಮ್ಮವ್ವ ರೊಟ್ಟಿ ಬಡಿಯುವ ಸದ್ದೇ! ಗೋರ್ಡಿತಾ ಎಂಬ ದಪ್ಪ ರೊಟ್ಟಿ ಸೀಳಿ, ಒಳಗೆ ಬೀನ್ಸ್, ಚೀಸ್, ಸುಟ್ಟ ಮೆಣಸಿನಕಾಯಿ ತುಂಬಿ ಕೊಟ್ಟರು. ಜೊತೆಗೆ ಹಸಿರು ಸಾಲ್ಸಾ, ಥೇಟ್ ನಮ್ಮ ಹಸಿಮೆಣಸಿನ ಖಾರ. ಮೂವರೂ ಹೊಟ್ಟೆ ಬಿರಿಯ ತಿಂದರೂ 21 ಡಾಲರ್. ಮಗಳು ಎರಡನೆಯದು ಕೇಳಿದಾಗ ಅಜ್ಜಿ ನಕ್ಕು ದುಡ್ಡು ಬೇಡವೆಂದು ಕೈಯಾಡಿಸಿದರು. ಸಸ್ಯಾಹಾರಿಗಳು ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿ. ಸ್ಪ್ಯಾನಿಶ್‌ನಲ್ಲಿ "ಸಿನ್ ಮಾಂತೇಕಾ" (ಹಂದಿ ಕೊಬ್ಬಿಲ್ಲದೆ) ಎಂದು ಹೇಳಿದರೆ ಸಾಕು, ಅರ್ಥವಾಗುತ್ತದೆ.